ಬಳ್ಳಿಗಾವಿಯ ಭೇರುಂಡ ಸ್ತಂಭ

ಇಟಲಿ ದೇಶದ ವೆನಿಸ್ ನಗರದಲ್ಲಿರುವ ಸಂತ ಮಾರ್ಕನ ಚೌಕವು ಜಗತ್ಪ್ರಸಿದ್ಧವಾದುದು. ಹನ್ನೊಂದನೆಯ ಶತಮಾನದಲ್ಲಿ ರೂಪುಗೊಂಡ ಭವ್ಯವಾದ ಇಗರ್ಜಿ, ಅದಕ್ಕೆ ಹೊಂದಿಕೊಂಡ ಅರಮನೆ, ಕಡಲ ದಿಕ್ಕಿಗೆ ಎರಡು ಶಿಲಾಸ್ತಂಭಗಳು ಅಲ್ಲಿವೆ. ಒಂದು ಸ್ತಂಭದ ನೆತ್ತಿಯ ಮೇಲೆ ರೆಕ್ಕೆಯುಳ್ಳ ಸಿಂಹವಿದೆ. ಅದೇ ಆ ನಗರದ ಲಾಂಛನ. ಆ ಚೌಕದ ಸೊಬಗನ್ನು ನೋಡಲು ದೇಶದೇಶಗಳ ಜನ ಬರುತ್ತಾರೆ.

ಅದೇ ಹನ್ನೊಂದನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲಿಯೂ ಅಂತಹದೊಂದು ನಗರ ಮೆರೆಯುತ್ತಿತ್ತು. ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಶಿರಾಳಕೊಪ್ಪದ ಸಮೀಪದಲ್ಲಿರುವ ಈ ಊರು ಇಂದು ಗದ್ದೆಗಳ ನಡುವಿನ ಒಂದು ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಾದರೋ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಇಂದಿನ ಸೊರಬದ ಸೀಮೆಯೂ ಆ ನಾಡಿಗೇ ಸೇರಿತ್ತು.

ಊರಿನ ನಡುವೆ ಸುಮಾರು 30 ಅಡಿ ಎತ್ತರದ ಕಲ್ಲುಕಂಬವೊಂದು ನಿಂತಿದೆ. 1047ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು ನಿಲ್ಲಿಸಿದ ಭೇರುಂಡ ಸ್ತಂಭವಿದು. ಮನುಷ್ಯದೇಹಕ್ಕೆ ಎರಡು ಹಕ್ಕಿಯ ಮುಖಗಳುಳ್ಳ ಗಂಡಭೇರುಂಡ ಮೂರ್ತಿಯನ್ನು ಈ ಕಂಬಕ್ಕಾಗಿಯೇ ಕಡೆಯಲಾಯಿತು. ಗಂಡಭೇರುಂಡವು ಇಂದು ಕರ್ನಾಟಕ ರಾಜ್ಯದ ಲಾಂಛನದಲ್ಲಿದೆ. ಅಂದು ದಾನದ ಭೂಮಿಯನ್ನು ಅಳೆಯುವ ಕೋಲಿಗೂ ‘ಭೇರುಂಡ ಗಳೆ’ ಎಂಬ ಹೆಸರಿತ್ತು. ಎಲ್ಲರೂ ಒಪ್ಪಿದ ಅಳತೆಯೊಂದು ಇರುವಲ್ಲಿ ವ್ಯವಹಾರಕ್ಕೆ ನಂಬಿಕೆ ತಾನಾಗಿ ಬರುತ್ತದೆ.

ಬಳ್ಳಿಗಾವಿಯ ಹಿರಿಮೆ ಕಂಬದಲ್ಲಿ ಮಾತ್ರ ಇರಲಿಲ್ಲ. ಶಿವ, ವಿಷ್ಣು, ಜಿನರ ಆಲಯಗಳು ಇಲ್ಲಿ ನೆರೆಹೊರೆಯಾಗಿದ್ದವು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಬೌದ್ಧ ವಿಹಾರವನ್ನೂ ಕಟ್ಟಿಸಿದನು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ದೊಡ್ಡ ವಿದ್ಯಾಕೇಂದ್ರವಾಗಿತ್ತು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನವು ಅದನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ಕಾವ್ಯ, ನಾಟಕಗಳೊಡನೆ ಬೌದ್ಧ ದರ್ಶನದ ವ್ಯಾಖ್ಯಾನವೂ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಮದ್ದು, ಅಂಜಿ ಬಂದವರಿಗೆ ಅಭಯ. ಇವೆಲ್ಲವೂ ಒಂದೇ ಸೂರಿನಡಿ ದೊರೆಯುತ್ತಿದ್ದವು.

1902ರಲ್ಲಿ ವೆನಿಸ್ ಚೌಕದ ಗಂಟೆಗೋಪುರ ಕುಸಿದು ಬಿತ್ತು. ನಗರದ ಜನ ಕೈಕಟ್ಟಿ ಕೂರಲಿಲ್ಲ. 1912ರ ವೇಳೆಗೆ ಇದ್ದಲ್ಲಿಯೇ, ಇದ್ದಂತೆಯೇ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದೇ 1902ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಪ್ರಕಟಿಸಿದರು. ಶತಮಾನಗಳಿಂದ ಮೂಕವಾಗಿದ್ದ ಕಲ್ಲುಗಳಿಗೆ ಮತ್ತೆ ಮಾತು ಬಂದಿತು. ಇದೂ ಒಂದು ಬಗೆಯ ಜೀರ್ಣೋದ್ಧಾರವೇ.

ಆದರೆ ಅಚ್ಚಾದ ಪುಟ ಕಲ್ಲನ್ನು ಕಾಯಲಾರದು. ಇಲಾಖೆಯ ಕಾವಲು ಕೆಲವು ಗುಡಿಗಳಿಗಷ್ಟೇ ದೊರೆಯುತ್ತದೆ. ಹೊಲದ ಬದುವಿನಲ್ಲಿ ಬಿದ್ದ ಶಾಸನಕ್ಕೆ ಆ ಊರಿನವರೇ ಕಾವಲು. ಅಕ್ಷರ ಅರಿಯದವನಿಗೆ ಅದು ಬಟ್ಟೆ ಒಗೆಯುವ ಬಂಡೆ. ಅರಿತವನಿಗೆ ಅವನ ಊರಿನ ಜಾತಕ. ಒಮ್ಮೆ ಸವೆದ ಅಕ್ಷರವನ್ನು ಯಾವ ಶಿಲ್ಪಿಯೂ ಮರಳಿ ತರಲಾರ. ಬಿದ್ದ ಗೋಪುರವನ್ನು ಹತ್ತು ವರ್ಷಗಳಲ್ಲಿ ಕಟ್ಟಬಹುದು. ಹಸಿದವನಿಗೆ ಅನ್ನವನ್ನೂ ಅಂಜಿದವನಿಗೆ ಅಭಯವನ್ನೂ ಕೊಟ್ಟ ನಗರದ ನೆನಪು ಅಳಿದರೆ ಅದನ್ನು ಕಟ್ಟಿಕೊಡುವವರು ಯಾರು?