ಕಾಲೇಜಿನ ಅರ್ಜಿಗೆ ಸ್ವಂತ ಆಸಕ್ತಿಯನ್ನು ಕುರಿತ ಪ್ರಬಂಧ

ನಮ್ಮ ನಾಡಿನ ಬಹುತೇಕ ಕಾಲೇಜುಗಳು ಪರೀಕ್ಷೆಯ ಅಂಕಗಳನ್ನು ನೋಡಿಯೇ ಪ್ರವೇಶ ಕೊಡುತ್ತವೆ. ಆದರೆ ಹರಿಯಾಣದ ಅಶೋಕ ವಿಶ್ವವಿದ್ಯಾಲಯವೂ ಅಮೆರಿಕಾ ದೇಶದ ಅನೇಕ ಕಾಲೇಜುಗಳೂ ಅರ್ಜಿಯೊಡನೆ ಪ್ರಬಂಧವನ್ನೂ ಕೇಳುತ್ತವೆ. ಅಲ್ಲಿಯ ‘ಕಾಮನ್ ಅಪ್ಲಿಕೇಶನ್’ ಎಂಬ ಅರ್ಜಿಯಲ್ಲಿ ಈ ಪ್ರಬಂಧವು 250 ಶಬ್ದಗಳಿಗೆ ಕಡಿಮೆಯಾಗದೆ, 650 ಶಬ್ದಗಳನ್ನು ಮೀರದೆ ಇರತಕ್ಕದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡು, ಒಂದೊಂದಕ್ಕೂ 350 ಶಬ್ದಗಳೊಳಗೆ ಉತ್ತರ ಬರೆಯಹೇಳುತ್ತದೆ. ಅಂಕಪಟ್ಟಿಯು ಹುಡುಗಿಯು ಎಷ್ಟು ಕಲಿತಳೆಂಬುದನ್ನು ತಿಳಿಸುವುದೇ ಹೊರತು, ಯಾರೂ ಹೇಳದಿದ್ದಾಗ ಅವಳ ಮನಸ್ಸು ಎತ್ತ ಹರಿಯುವುದೆಂಬುದನ್ನು ತಿಳಿಸಲಾರದು. ಆ ಕೊರತೆಯನ್ನು ತುಂಬುವುದೇ ಪ್ರಬಂಧದ ಕೆಲಸ.

ಕಮತಗಿಯಂಥ ನೇಕಾರರ ಊರಿನ ಹುಡುಗಿಯು ಇಲ್ಲಿ ಮೊದಲಿಗೇ ಎಡವುವುದುಂಟು. ಪಿಯಾನೋ, ಚದುರಂಗ, ದೇಶಸಂಚಾರ ಇವೇ ಹವ್ಯಾಸಗಳೆಂದು ಬಗೆದು, ಶಾಲೆಯಿಂದ ಬಂದೊಡನೆ ಕಂಡಿಕೆ ಸುತ್ತುವ ತನಗೆ ಹೇಳಿಕೊಳ್ಳತಕ್ಕುದೇನೂ ಇಲ್ಲವೆಂದು ಅವಳು ಕುಗ್ಗುವಳು. ತಾಯಿತಂದೆಗಳೂ ಮಗ್ಗದ ಮಾತು ಬಡತನದ ಮಾತೆಂದು ಮರೆಮಾಡಲೆಳಸುವರು. ಇದು ತರವಲ್ಲ. ಕೈ ಬಲ್ಲ ಕೆಲಸದಲ್ಲಿ ಮನಸ್ಸೂ ನೆಟ್ಟಿದ್ದರೆ ಅದೇ ಆಸಕ್ತಿ.

“ಇಳಕಲ್ಲ ಸೀರೆಯು ನಮ್ಮ ಸಂಸ್ಕೃತಿಯ ಹೆಮ್ಮೆ, ಅದರಲ್ಲಿ ನನಗೆ ಅಪಾರ ಪ್ರೀತಿ” ಎಂದು ಬರೆದರೆ ಬರೆದವಳು ಯಾರೆಂಬುದು ತಿಳಿಯದು. ಸೀರೆಯನ್ನು ಅಂಗಡಿಯಲ್ಲಿ ಮಾತ್ರ ಕಂಡವರೂ ಹಾಗೆ ಬರೆಯಬಲ್ಲರು. ಅದಕ್ಕೆ ಬದಲಾಗಿ ಹೀಗೆ ಬರೆಯಬಹುದು:

“ನಮ್ಮ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಎಳೆ ತಪ್ಪಿದ್ದನ್ನು ಅಜ್ಜಿ ಬೆರಳಿನಿಂದಲೇ ಗುರುತಿಸುವಳು. ನಾನು ಎಣಿಸಿ ಗುರುತಿಸುವೆನು. ಅವಳ ಬೆರಳು ಬಲ್ಲ ಲೆಕ್ಕ ಯಾವುದೆಂದು ತಿಳಿಯಬೇಕೆಂಬ ಆಸೆಯೇ ನನ್ನನ್ನು ಗಣಿತದೆಡೆಗೆ ತಂದಿತು.”

ಇದರಲ್ಲಿ ಮೂರು ಸಂಗತಿಗಳಿವೆ: ಚಿಕ್ಕದಾದ ವಿಷಯ, ತಾನೇ ಮಾಡಿದ ಕೆಲಸ, ಆ ಕೆಲಸದಿಂದ ಹುಟ್ಟಿದ ಪ್ರಶ್ನೆ. ಯಾವ ಆಸಕ್ತಿಗಾದರೂ ಇದೇ ಕ್ರಮ ಸಲ್ಲುತ್ತದೆ. “ಇತಿಹಾಸ ನನಗಿಷ್ಟ” ಎನ್ನುವುದಕ್ಕಿಂತ, ಐಹೊಳೆಯ ಮೇಗುತಿ ಗುಡಿಯಲ್ಲಿರುವ ಕ್ರಿ. ಶ. 634ರ ಶಾಸನದ ಒಂದು ಅಕ್ಷರವನ್ನು ಇಂದಿನ ಅಕ್ಷರದೊಡನೆ ಹೋಲಿಸಿ ನೋಡಿದ್ದನ್ನು ಬರೆಯುವುದು ಮೇಲು.

ಮಗ್ಗವನ್ನು ಪ್ರೀತಿಸದವಳು ಪ್ರೀತಿಸುವೆನೆಂದು ಬರೆಯಬಾರದು. ಕುಣಿಮಗ್ಗದಲ್ಲಿ ಕುಳಿತ ತಾಯಿಯ ಬೆನ್ನುನೋವನ್ನು ಕಂಡು, ದಿನಗಟ್ಟಲೆ ನೆಯ್ದ ಸೀರೆಗೆ ಕೂಲಿ ಇಷ್ಟೇ ಏಕೆಂದು ಲೆಕ್ಕ ಬರೆದಿಟ್ಟವಳಿಗೆ ಆ ಲೆಕ್ಕವೇ ಆಸಕ್ತಿ. ಅರ್ಥಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ಬೇರೊಂದಿಲ್ಲ.

ಮೊದಲ ಕರಡನ್ನು ಮನೆಯ ಮಾತಿನಲ್ಲಿಯೇ ಬರೆಯುವುದು ಲೇಸು. ಇಂಗ್ಲಿಷಿನಲ್ಲಿ ಬರೆಯುವ ಕೆಲಸ ಆ ಮೇಲಿನದು. ಕಲಿತ ಅಣ್ಣನಿಂದಾಗಲಿ, ಹಣ ಪಡೆದು ಬರೆಯುವವರಿಂದಾಗಲಿ, ಗಣಕಯಂತ್ರದಿಂದಾಗಲಿ ಬರೆಸತಕ್ಕದ್ದಲ್ಲ. ಹಾಗೆ ಪಡೆದ ಪ್ರವೇಶವು ಬೇರೊಬ್ಬಳಿಗೆ ದೊರೆತ ಪ್ರವೇಶ. ತಾಯಿತಂದೆಗಳು ಓದಿ ಪ್ರಶ್ನೆ ಕೇಳಲಿ, ಲೇಖನಿಯನ್ನು ಮಾತ್ರ ಮಗಳ ಕೈಯಲ್ಲಿಯೇ ಬಿಡಲಿ.

ಅಭ್ಯಾಸ: ಈ ವಾರದಲ್ಲಿ ಯಾರೂ ಹೇಳದೆ ನೀವು ಮಾಡಿದ ಒಂದು ಕೆಲಸವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ‘ಹೆಮ್ಮೆ’, ‘ಪ್ರೀತಿ’ ಎಂಬ ಶಬ್ದಗಳನ್ನು ಬಳಸದೆ, ಅವೆರಡೂ ಓದುವವರಿಗೆ ತಿಳಿಯುವಂತೆ ಬರೆಯಿರಿ.