ರಕ್ತ ನಿಲ್ಲದವರ ಜೊತೆ ನಾವು ನಿಲ್ಲೋಣ

ನಮ್ಮ ಧರ್ಮಕೇಂದ್ರದಲ್ಲಿ ಮೂವತ್ತು ವರ್ಷದ ಯುವಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ಭಾನುವಾರ ಪೂಜೆಗೆ ಬಂದರೆ ಎರಡು ಭಾನುವಾರ ಬರುವುದಿಲ್ಲ. ಬಂದರೂ ಮೊಣಕಾಲೂರುವುದಿಲ್ಲ. ಸೋಮಾರಿ ಎಂದು ಹಿಂದಿನ ಬೆಂಚಿನವರು ಅಂದುಕೊಳ್ಳುತ್ತಾರೆ. ಅವನ ಮೊಣಕಾಲಿನ ಕೀಲಿನೊಳಗೆ ರಕ್ತ ಸೋರಿ ಊದಿಕೊಂಡಿರುವುದು ಯಾರಿಗೂ ಗೊತ್ತಿಲ್ಲ. ಮದುವೆಯ ಮಾತು ಮುರಿದೀತೆಂದು ಮನೆಯವರೂ ಬಾಯಿ ಬಿಡುವುದಿಲ್ಲ.

ಈ ಕಾಯಿಲೆಯ ಹೆಸರು ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ ಫ್ಯಾಕ್ಟರ್ 9 ಎಂಬ ಅಂಶದ ಕೊರತೆಯೇ ಇದಕ್ಕೆ ಕಾರಣ. ಫ್ಯಾಕ್ಟರ್ 8ರ ಕೊರತೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಇದು ಅಂಟುರೋಗವಲ್ಲ. ಕೊರತೆಯಿರುವ ಅಂಶವನ್ನು ರಕ್ತನಾಳಕ್ಕೆ ಚುಚ್ಚಿ ಕೊಟ್ಟು ರಕ್ತ ನಿಲ್ಲಿಸಬಹುದು. ಸಕಾಲಕ್ಕೆ ಚಿಕಿತ್ಸೆ ದೊರೆತವರು ಓದುತ್ತಾರೆ, ದುಡಿಯುತ್ತಾರೆ, ಸಂಸಾರ ಮಾಡುತ್ತಾರೆ. ನೋವೆಂದು ಆಸ್ಪಿರಿನ್ ಮಾತ್ರ ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ.

ತಪ್ಪು ಯಾರದು?

ಈ ದೋಷ ಸಾಮಾನ್ಯವಾಗಿ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಮಗನಿಗೆ ಬರುತ್ತದೆ. ಇಷ್ಟು ಕೇಳಿದೊಡನೆ ಸೊಸೆಯನ್ನು ದೂರುವ ಮನೆಗಳಿವೆ. ಆದರೆ ಸುಮಾರು ಮೂರರಲ್ಲಿ ಒಬ್ಬ ರೋಗಿಯ ವಂಶದಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳಿದಾಗ, ಪ್ರಭು ಯೇಸು ಯಾರದೂ ಅಲ್ಲವೆಂದರು (ಯೊವಾನ್ನ 9). ಮುಂದೆ ಜನರು ಆ ಮನುಷ್ಯನನ್ನು ಹೊರಗಟ್ಟಿದಾಗ, ಪ್ರಭುವೇ ಅವನನ್ನು ಕಂಡು ಮಾತನಾಡಿಸಿದರು. ಕಥೆಯ ಈ ಭಾಗವನ್ನು ನಾವು ಮರೆಯುತ್ತೇವೆ.

ಈ ಕಾಯಿಲೆಯಿರುವ ತಂದೆಯಿಂದ ಗಂಡುಮಕ್ಕಳಿಗೆ ಇದು ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲರಿಗೂ ಆ ದೋಷದ ವಂಶವಾಹಿ ಬರುತ್ತದೆ. ಆದ್ದರಿಂದ ಮದುವೆಗೆ ಮುಂಚೆ ಮುಚ್ಚಿಡದೆ, ವೈದ್ಯರ ಸಲಹೆ ಪಡೆದು, ಎರಡೂ ಮನೆಯವರು ಕೂತು ಮಾತಾಡುವುದು ಲೇಸು.

ಒಂಟಿಯಾಗಿದ್ದವರು ಒಂದಾದರು

ಕೆನಡಾದ ಫ್ರಾಂಕ್ ಶ್ನಾಬೆಲ್ ಅವರಿಗೆ ತೀವ್ರ ಹಿಮೋಫಿಲಿಯಾ ಇತ್ತು. ತಮ್ಮಂಥವರನ್ನು ಒಟ್ಟುಗೂಡಿಸಲು 1963ರಲ್ಲಿ ಅವರು ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದರು. ಅವರು ಹುಟ್ಟಿದ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ. ನಮ್ಮ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇದ್ದೂ ವೈದ್ಯರಾದರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ರೋಗಿಗಳ ಜೊತೆ ನಿಂತರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ.

ಅಂಥ ಸಂಘದಲ್ಲಿ ಕುಂಟುವುದಕ್ಕೆ ಕಾರಣ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಸಂಘ ದೂರದ ಊರಿನಲ್ಲಿರಬಹುದು, ನೆರೆಮನೆ ಪಕ್ಕದಲ್ಲೇ ಇದೆ. ನಡುರಾತ್ರಿ ಕಾಲು ಊದಿಕೊಂಡಾಗ ಆಸ್ಪತ್ರೆಗೆ ಕರೆದೊಯ್ಯುವವರು ನೆರೆಯವರೇ ಅಲ್ಲವೇ?

ಕುಟುಂಬದಲ್ಲಿ ಚಿಂತಿಸಲು

1. ಮಗುವಿನ ಕಾಯಿಲೆಗಾಗಿ ನಾವು ಯಾರನ್ನಾದರೂ ದೂರಿದ್ದೇವೆಯೇ?
2. ಪೂಜೆಗೆ ಬಾರದವರ ಮನೆಗೆ ಹೋಗಿ ವಿಚಾರಿಸಿದ್ದೇವೆಯೇ?
3. ಈ ವಾರ ಯಾರ ಮನೆ ಬಾಗಿಲು ತಟ್ಟೋಣ?