ಚೌಕವೂ ಆಯತವೇ: ಚತುರ್ಭುಜ ಪಾಠಕ್ಕೆ ಏಳು ಸೂತ್ರಗಳು

ಚೌಕ ತೋರಿಸಿ ‘ಇದು ಆಯತವೇ?’ ಎಂದು ಕೇಳಿದರೆ ಎಷ್ಟೋ ಮಕ್ಕಳು ಥಟ್ಟನೆ ‘ಅಲ್ಲ’ ಎನ್ನುತ್ತಾರೆ. ಲೆಕ್ಕದಲ್ಲಿ ಚುರುಕಾದವರೂ ಅಂಕ ಕಳೆದುಕೊಳ್ಳುವ ಜಾಗ ಇದು.

1. ಚಿತ್ರ ನೋಡಿ ಹೇಳಬೇಡಿ, ವ್ಯಾಖ್ಯೆ ನೋಡಿ ಹೇಳಿ. ನಾಲ್ಕೂ ಕೋನ 90 ಡಿಗ್ರಿ ಇದ್ದರೆ ಆಯತ. ಉದ್ದ ಹೆಚ್ಚು, ಅಗಲ ಕಡಿಮೆ ಇರಬೇಕೆಂದು ವ್ಯಾಖ್ಯೆಯಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಚೌಕ ಆಯತವೇ. ನಾಲ್ಕೂ ಬಾಹು ಸಮವಿರುವುದರಿಂದ ವಜ್ರಾಕೃತಿಯೂ ಹೌದು.

2. ನಂಟಿನ ದಿಕ್ಕು ತಪ್ಪಿಸಬೇಡಿ. ಚೌಕಗಳೆಲ್ಲ ಆಯತ, ಆಯತಗಳೆಲ್ಲ ಸಮಾಂತರ ಚತುರ್ಭುಜ; ತಿರುಗಿಸಿ ಹೇಳಿದರೆ ತಪ್ಪು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ವ್ಯಾಖ್ಯೆಗಳಲ್ಲಿ ಚೌಕವನ್ನು ಆಯತದಿಂದ ಹೊರಗೇ ಇಟ್ಟಿದ್ದ. ಇಂದಿನ ಗಣಿತ ಒಳಗೆ ಸೇರಿಸಿಕೊಂಡಿದೆ. ಅದೇ ಮೇಲು: ಆಯತಕ್ಕೆ ಒಮ್ಮೆ ಸಾಧಿಸಿದ್ದನ್ನು ಚೌಕಕ್ಕೆ ಮತ್ತೆ ಸಾಧಿಸಬೇಕಿಲ್ಲ.

3. ಎರಡು ಪೊರಕೆ ಕಡ್ಡಿ ಹಿಡಿದು ಕೂರಿ. ಒಂದರ ಮೇಲೊಂದು ಅಡ್ಡವಿಡಿ, ಇವೇ ಕರ್ಣಗಳು. ನಾಲ್ಕು ತುದಿಗಳನ್ನು ಸೀಮೆಸುಣ್ಣದ ಗೆರೆಯಿಂದ ಸೇರಿಸಿ. ಎರಡೂ ಕಡ್ಡಿ ನಟ್ಟನಡುವೆ ಕೂಡಿದರೆ ಸಮಾಂತರ ಚತುರ್ಭುಜ. ಜೊತೆಗೆ ಕಡ್ಡಿಗಳ ಉದ್ದವೂ ಸಮವಿದ್ದರೆ ಆಯತ. ಉದ್ದ ಹೇಗೇ ಇರಲಿ, ನಡುವೆ ಲಂಬವಾಗಿ ಕೂಡಿದರೆ ವಜ್ರಾಕೃತಿ. ಉದ್ದವೂ ಸಮ, ಲಂಬವೂ ಹೌದು ಎಂದಾದರೆ ಚೌಕ. ಈಗ ಸಮ ಉದ್ದದ ಕಡ್ಡಿಗಳ ನಡುವನ್ನು ಒತ್ತಿ ಹಿಡಿದು ಒಂದನ್ನು ಮೆಲ್ಲಗೆ ತಿರುಗಿಸಿ. ಸಪೂರ ಆಯತ ಅಗಲವಾಗುತ್ತ ಬಂದು, ಒಂದು ಗಳಿಗೆ ಚೌಕವಾಗಿ, ಮತ್ತೆ ಸಪೂರವಾಗುತ್ತದೆ. ಚೌಕ ಆಯತಗಳ ಸಾಲಿನದೇ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

4. ಒಂದೇ ಗುಣ ಹಿಡಿದು ತೀರ್ಪು ಕೊಡಬೇಡಿ. ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿ ಟೇಪು ಎಳೆದು ಎರಡೂ ಕರ್ಣ ಸಮವೇ ಎಂದು ನೋಡುತ್ತಾರೆ. ಅದಕ್ಕೂ ಮೊದಲು ಎದುರುಬದುರಿನ ಬದಿಗಳನ್ನು ಸಮ ಮಾಡಿಕೊಂಡಿರುತ್ತಾರೆ. ಆ ಹೆಜ್ಜೆ ಬಿಟ್ಟರೆ ಮೋಸ: ಸಮದ್ವಿಬಾಹು ತ್ರಾಪಿಜ್ಯಕ್ಕೂ ಕರ್ಣಗಳು ಸಮವೇ. ಹಾಗೆಯೇ ಕರ್ಣಗಳು ಬರೀ ಲಂಬವಾಗಿದ್ದರೆ ಅದು ಗಾಳಿಪಟಾಕೃತಿಯೂ ಇರಬಹುದು.

5. ತ್ರಾಪಿಜ್ಯ ಬಂದಾಗ ನಿಮ್ಮ ಪುಸ್ತಕದ ವ್ಯಾಖ್ಯೆ ಓದಿ. ‘ಒಂದು ಜೊತೆ ಬಾಹು ಸಮಾಂತರವಿದ್ದರೆ ಸಾಕು’ ಎಂದಿದ್ದರೆ ಸಮಾಂತರ ಚತುರ್ಭುಜವೂ ತ್ರಾಪಿಜ್ಯ. ‘ಒಂದೇ ಜೊತೆ’ ಎಂದಿದ್ದರೆ ಅಲ್ಲ. ಎನ್‌ಸಿಇಆರ್‌ಟಿ ಮೊದಲ ದಾರಿ ಹಿಡಿದಿದೆ.

6. ಮಧ್ಯಬಿಂದು ಸೇರಿಸಿ ನೋಡಿ. ಎಷ್ಟೇ ಸೊಟ್ಟಗಿನ ಚತುರ್ಭುಜ ಬರೆಯಿರಿ, ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿದರೆ ಸಮಾಂತರ ಚತುರ್ಭುಜವೇ ಬರುತ್ತದೆ. ಫ್ರಾನ್ಸಿನ ವಾರಿನ್ಯೋನ್ ಹೆಸರಿನ ಈ ಪ್ರಮೇಯ ಅಚ್ಚಾದದ್ದು 1731ರಲ್ಲಿ. ಹೊಸ ಬಾಹು ಪ್ರತಿಯೊಂದೂ ಹಳೆಯ ಒಂದು ಕರ್ಣಕ್ಕೆ ಸಮಾಂತರ, ಅದರ ಅರ್ಧದಷ್ಟು ಉದ್ದ, ಗುಟ್ಟು ಅಷ್ಟೇ. ಹಾಗಾಗಿ ಆಯತದಿಂದ ವಜ್ರಾಕೃತಿ ಹುಟ್ಟುತ್ತದೆ, ವಜ್ರಾಕೃತಿಯಿಂದ ಆಯತ. ಚೌಕದಿಂದ ಚೌಕವೇ.

7. ಇದು ಶಿಕ್ಷಕರಿಗೆ. ಚೌಕವನ್ನು ಸದಾ ನೆಟ್ಟಗೆ ಬರೆದರೆ ಓರೆಯಾದದ್ದನ್ನು ಮಕ್ಕಳು ಚೌಕವೆಂದು ಒಪ್ಪುವುದೇ ಇಲ್ಲ. ದಯವಿಟ್ಟು ಕಪ್ಪುಹಲಗೆಯ ಮೇಲೆ ಅದನ್ನು ಮೂಲೆಯ ಮೇಲೆ ನಿಲ್ಲಿಸಿಯೂ ಬರೆಯಿರಿ.